ನೋಡಿ-ನಂಬಿ ಕಂಪನಿಗೆ ಬಿದ್ದ ಬೆಂಕಿ

ಬೆಳಕು ಹರಿಯುವ ಹೊತ್ತಿಗೆ ಅಗ್ನಿಶಾಮಕ ದಳದವರು ಷಟರ್ ಎತ್ತಿದರು. ಒಳಗಿನಿಂದ ಕರ್ರನೆಯ ನೀರು ಬೀದಿಗೆ ಹರಿದು ಬಂತು. ಅದರ ಹಿಂದೆಯೇ ಸೀಮೆಎಣ್ಣೆಯ ವಾಸನೆ.

"ಹಚ್ಚಿದ್ದೇ ಮೇಡಂ. ತಾನಾಗಿ ಹತ್ತಿದ್ದಲ್ಲ," ಎಂದ ದಳದ ಮುಖ್ಯಸ್ಥ. "ಬೀಗ ಮುರಿದಿಲ್ಲ. ಕೀ ಹಾಕಿ ತೆಗೆದು, ಹಚ್ಚಿ, ಮತ್ತೆ ಬೀಗ ಹಾಕಿದ್ದಾರೆ."

ಇನ್ಸ್‌ಪೆಕ್ಟರ್ ಬೂಟು ತೋಯಿಸಿಕೊಂಡು ಒಳಗೆ ಹೋದಳು. ಉದ್ದನೆಯ ಒಂದೇ ಕೋಣೆ. ಎರಡು ಸಾಲು ಹೊಲಿಗೆ ಮೆಷಿನ್‌ಗಳು. ಮರದ ಮೇಜುಗಳು ಸುಟ್ಟು ಕುಸಿದಿದ್ದವು. ಮೆಷಿನ್‌ಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಅರ್ಧ ಸುಟ್ಟ ಬೋರ್ಡು: "ನೋಡಿ. ನಂಬಿ. ಹಾಕಿ."

ಸಣ್ಣ ಉದ್ದಿಮೆಗಳಿಗೆ ಸಾಲ ಕೊಡುವ ಕಂಪನಿಯ ಘೋಷಣೆ ಅದು. ಜನರಿಂದ ದುಡ್ಡು ಹಾಕಿಸಿಕೊಳ್ಳುವುದು. ಅದನ್ನು ಹೊಲಿಗೆಯವರಿಗೆ, ಬಡಗಿಗಳಿಗೆ ಸಾಲ ಕೊಡುವುದು. ಬಂದ ಬಡ್ಡಿಯಲ್ಲಿ ದುಡ್ಡು ಹಾಕಿದವರಿಗೆ ಪಾಲು. ಬ್ಯಾಂಕಿಗಿಂತ ಎರಡು ಪಟ್ಟು. ಅನುಮಾನ ಪಡುವವರನ್ನು ಭಾನುವಾರ ವ್ಯಾನಿನಲ್ಲಿ ಕೂರಿಸಿಕೊಂಡು ಬಂದು ಇದೇ ಕೋಣೆ ತೋರಿಸುತ್ತಿದ್ದರು. "ನಿಮ್ಮ ದುಡ್ಡು ಇಲ್ಲಿ ದುಡೀತಾ ಇದೆ ನೋಡಿ!" ಹೆಂಗಸರು ಸಾಲಾಗಿ ಕೂತು ಟಕಟಕ ಮೆಷಿನ್ ತುಳಿಯುವುದನ್ನು ಕಂಡವರು ಮಾರನೆಯ ದಿನವೇ ಇದ್ದಬದ್ದದ್ದನ್ನೆಲ್ಲ ತಂದು ಸುರಿಯುತ್ತಿದ್ದರು. ಜನರ ಬಾಯಲ್ಲಿ ಅದರ ಹೆಸರು ನೋಡಿ-ನಂಬಿ ಕಂಪನಿ.

ಕಂಪನಿಯ ಮಾಲೀಕ ಆಗಲೇ ಬಂದು ನಿಂತಿದ್ದ. ಸ್ನಾನವಾಗಿತ್ತು. ಅಂಗಿ ಇಸ್ತ್ರಿಯಾಗಿತ್ತು. ಆಸ್ತಿ ಸುಟ್ಟುಹೋದವನ ಮುಖ ಅದಾಗಿರಲಿಲ್ಲ.

"ಯಾರು ಹಚ್ಚಿದ್ದು ಅಂತ ನನಗೆ ಗೊತ್ತು ಮೇಡಂ. ಕ್ಷೌರದಂಗಡಿಯವನು. ನಮ್ಮಲ್ಲಿ ದುಡ್ಡು ಹಾಕಿದ್ದಾನೆ. ನಿನ್ನೆ ಸಂಜೆ ಇಲ್ಲೇ ನಿಂತು ಕೂಗಾಡಿದ್ದಾನೆ. ಬೇಕಾದ್ರೆ ಕೇಳಿ."

ಎದುರುಗಡೆಯ ಸೈಕಲ್ ರಿಪೇರಿಯವನು ತಲೆಯಾಡಿಸಿದ. "ಹೌದು ಮೇಡಂ. 'ನಿಮ್ ಕಂಪನಿಗೆ ಬೆಂಕಿ ಬೀಳ' ಅಂತ ಕೂಗ್ದ. ಎರಡು ಬೀದಿಗೆ ಕೇಳ್ಸ್ತು."

ಹಾಗೆ ಶಾಪ ಹಾಕಿದವರನ್ನೆಲ್ಲ ಒಳಗೆ ಹಾಕಿದರೆ ಹೊರಗೆ ಉಳಿಯುವವರು ಯಾರು? ಇನ್ಸ್‌ಪೆಕ್ಟರ್ ತಾನೇ ದಿನಾ ಬೆಳಿಗ್ಗೆ ಸ್ಟಾರ್ಟ್ ಆಗದ ಜೀಪಿಗೆ ಅದೇ ಮಾತು ಹೇಳುತ್ತಿದ್ದಳು. ಆದರೂ ಬೈದ ರಾತ್ರಿಯೇ ಬೆಂಕಿ ಬಿದ್ದಿದೆ. ಕರೆಸದೆ ಇರುವ ಹಾಗಿರಲಿಲ್ಲ.

* * *

ಕ್ಷೌರಿಕ ಓಡಿಹೋಗಿರಲಿಲ್ಲ. ಮನೆಯಲ್ಲೇ ಸಿಕ್ಕಿದ. ಸ್ಟೇಷನ್ನಿನ ಬೆಂಚಿನ ಮೇಲೆ ಮೈ ಮುದುಡಿಕೊಂಡು ಕೂತ.

"ಎಷ್ಟು ಹಾಕಿದ್ದೆ?"

"ಇದ್ದಿದ್ದೆಲ್ಲ ಮೇಡಂ. ಅಂಗಡಿ ಕೊಂಡ್ಕೊಳ್ಳೋಕೆ ಅಂತ ಇಟ್ಟಿದ್ದು."

ಮದುವೆಗೆ ಮುಂಚಿನಿಂದ ಬಾಡಿಗೆಗಿದ್ದ ಅಂಗಡಿ. ಕಟ್ಟಡದವರು ಮಾರುತ್ತೇವೆ, ನೀನೇ ತಗೋ ಎಂದಿದ್ದರು. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದರು. ಇನ್ನು ಸ್ವಲ್ಪ ಕಮ್ಮಿ ಬಿದ್ದಿತ್ತು. ಒಂದು ವರ್ಷ ಕಂಪನಿಯಲ್ಲಿ ಹಾಕಿದರೆ ಆ ಸ್ವಲ್ಪವೂ ಬರುತ್ತದೆ ಎಂದು ಹಾಕಿದ. ವರ್ಷ ಮುಗಿದ ಮೇಲೆ ಕೇಳಿದರೆ, ಹೊಲಿಗೆಯವರು ಸಾಲ ತೀರಿಸಿಲ್ಲ, ತಾಳಿಕೋ ಎಂದರು. ತಾಳಿಕೊಂಡ. ಅಷ್ಟರಲ್ಲಿ ಅಂಗಡಿ ಮೊಬೈಲ್ ಕವರ್ ಮಾರುವವನ ಪಾಲಾಯಿತು. ಈಗ ಕತ್ತರಿ ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ಮನೆಮನೆ ಬಾಗಿಲು ತಟ್ಟುತ್ತಾನೆ. ಅವನಂತೆ ದುಡ್ಡು ಹಾಕಿದವರೆಲ್ಲ ಈ ವಾರ ಹೇಳದೆ ಕೇಳದೆ ಆ ಕೋಣೆ ಹುಡುಕಿಕೊಂಡು ಹೋಗಿ ನೋಡೋಣ ಎಂದುಕೊಂಡಿದ್ದರಂತೆ. ಅವನು ಕೂಗಾಡಿದ್ದರಲ್ಲಿ ಏನು ತಪ್ಪಿದೆ?

"ಬೆಂಕಿ ಹಚ್ಚಿದ್ಯಾ?"

"ಇಲ್ಲ."

"ಅಲ್ಲಿಗೆ ಹೋಗಿದ್ದು ನಿಜ?"

"ಸಂಜೆ ಹೋದೆ. ಬೈದೆ. ಬಂದೆ."

"ಯಾರ ಜೊತೆ?"

ಅಲ್ಲಿಗೆ ಬಾಯಿಗೆ ಬೀಗ ಬಿತ್ತು. ದಫೇದಾರ ಮೇಜು ಗುದ್ದಿದ. ಕ್ಷೌರಿಕ ತಲೆ ಎತ್ತಲಿಲ್ಲ.

ಮಧ್ಯಾಹ್ನ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಜೊತೆಗೆ ಅವಳ ಅಣ್ಣ. ಅವನೇ ಆ ಬೀದಿಗೆ ಕಂಪನಿಯ ಏಜೆಂಟು. ಎಲ್ಲರ ಬಾಯಲ್ಲೂ ಏಜೆಂಟಣ್ಣ.

"ಇವರು ಮಾಡಿಲ್ಲ ಮೇಡಂ," ಎಂದಳು ಹೆಂಡತಿ. "ರಾತ್ರಿಯೆಲ್ಲ ಮನೇಲೇ ಇದ್ರು. ನಿದ್ದೆ ಮಾಡ್ಲಿಲ್ಲ, ಗೋಡೆ ನೋಡ್ಕೊಂಡು ಕೂತಿದ್ರು."

ಏಜೆಂಟಣ್ಣ ಕೈ ಮುಗಿದ. ಕಣ್ಣಲ್ಲಿ ನೀರು ದಳದಳ. "ನಾನೇ ಹಾಕ್ಸಿದ್ದು ಮೇಡಂ. ನಂದೂ ಹೋಯ್ತು. ಇವನು ಒಳ್ಳೇನು, ಕೋಪ ಜಾಸ್ತಿ. ಕೋಪದಲ್ಲಿ ಏನೋ ಮಾಡ್ಕೊಂಡ್ಬಿಟ್ಟಿದ್ದಾನೆ. ನೀವೇ ಸ್ವಲ್ಪ ದಯ ತೋರಿಸ್ಬೇಕು."

ಇನ್ಸ್‌ಪೆಕ್ಟರ್ ಅವನನ್ನು ಒಂದು ಕ್ಷಣ ನೋಡಿದಳು.

* * *

"ಜೀಪ್ ತೆಗಿ," ಎಂದಳು ಮಾರನೆಯ ಬೆಳಿಗ್ಗೆ ದಫೇದಾರನಿಗೆ. "ಇವನನ್ನ ಮುಂದೆ ಕೂರ್ಸು. ಏನಯ್ಯಾ, ಆ ಹೊಲಿಗೆ ಕೋಣೆಗೆ ದಾರಿ ತೋರ್ಸು."

ಕ್ಷೌರಿಕ ದಾರಿ ಹೇಳಿದ. ದೊಡ್ಡ ರಸ್ತೆಯವರೆಗೆ ಸರಿಯಾಗಿತ್ತು. ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗಿಸಿದ. ಜೀಪು ಹೋಗಿ ಮರದ ಡಿಪೋದ ಗೋಡೆಗೆ ನಿಂತಿತು. ಅವನು ಸುತ್ತ ನೋಡಿ ಕಕ್ಕಾಬಿಕ್ಕಿಯಾದ. ಮತ್ತೆ ವಾಪಸ್ಸು. ಮತ್ತೆ ಅದೇ ಟ್ಯಾಂಕು, ಅದೇ ಗೋಡೆ. ಮೂರನೆಯ ಸಲವೂ ಅಷ್ಟೆ.

"ನಾಟಕ ಆಡ್ತಿದ್ದಾನೆ ಮೇಡಂ," ಎಂದ ದಫೇದಾರ.

"ನಾಟಕ ಆಡೋನು ಒಂದೊಂದು ಸಲ ಒಂದೊಂದು ಕಡೆ ತಪ್ತಾನೆ ಕಣ್ರೀ. ಇವನು ಮೂರು ಸಲಾನೂ ಒಂದೇ ಕಡೆ ತಪ್ದ. ಇವನಿಗೆ ದಾರಿ ಗೊತ್ತಿಲ್ಲ." ಅವಳು ಕ್ಷೌರಿಕನ ಕಡೆ ತಿರುಗಿದಳು. "ಭಾನುವಾರ ವ್ಯಾನಿನಲ್ಲಿ ಪರದೆ ಹಾಕ್ತಿದ್ರಾ?"

"ಬಿಸಿಲು ಅಂತ ಎಳೆದಿರ್ತಿದ್ರು ಮೇಡಂ."

"ಮೊನ್ನೆ ಸಂಜೆ ಯಾರೋ ನಿನ್ನನ್ನ ಗಾಡಿ ಹಿಂದೆ ಕೂರಿಸ್ಕೊಂಡು ಹೋಗಿದ್ದಾರೆ. ದಾರಿನೇ ಗೊತ್ತಿಲ್ಲದೋನು, ಕೀ ಇಲ್ಲದೋನು ರಾತ್ರಿ ಕತ್ತಲಲ್ಲಿ ಒಬ್ಬನೇ ಹೋಗಿ ಬೆಂಕಿ ಹಚ್ಚೋಕೆ ಆಗುತ್ತಾ? ಯಾರು ಅಂತ ಹೇಳು, ಮನೆಗೆ ಹೋಗು."

ಕ್ಷೌರಿಕ ತಲೆ ಅಲ್ಲಾಡಿಸಿದ. "ಬೇಡ ಮೇಡಂ. ಅವಳಿಗೆ ತವರು ಅಂತ ಇರೋದು..." ಎಂದವನು ಅಲ್ಲಿಗೇ ನಿಲ್ಲಿಸಿದ.

ಇನ್ಸ್‌ಪೆಕ್ಟರ್‌ಗೆ ಅಷ್ಟು ಸಾಕಾಗಿತ್ತು. ಆದರೆ ಕೋರ್ಟಿಗೆ ಅಷ್ಟು ಸಾಲದು.

* * *

ಅವಳು ಮತ್ತೆ ಸುಟ್ಟ ಕೋಣೆಗೆ ಹೋದಳು. ಮಂಡಿಯೂರಿ ಒಂದು ಮೆಷಿನ್ ಎತ್ತಿ ನಿಲ್ಲಿಸಿದಳು. ಅವಳ ಮನೆಯಲ್ಲೂ ಒಂದು ಮೆಷಿನ್ ಇತ್ತು. ಸಮವಸ್ತ್ರದ ಹೊಲಿಗೆ ಬಿಚ್ಚಿದರೆ ತಾನೇ ಹಾಕಿಕೊಳ್ಳುವವಳು. ಸೂಜಿ ಸಿಕ್ಕಿಸುವ ಜಾಗಕ್ಕೆ ಬೆರಳಿಟ್ಟಳು. ಖಾಲಿ. ಪಕ್ಕದ್ದು ನೋಡಿದಳು. ಖಾಲಿ. ಎಲ್ಲವೂ ಖಾಲಿ.

"ಸೂಜಿ ಸುಟ್ಟುಹೋಗಿರ್ಬೇಕು," ಎಂದ ದಫೇದಾರ.

"ಸೂಜಿ ಉಕ್ಕು ಕಣ್ರೀ, ಹುಲ್ಲುಕಡ್ಡಿ ಅಲ್ಲ. ಕತ್ತರಿ ಎಲ್ಲಿ? ಇಸ್ತ್ರಿ ಪೆಟ್ಟಿಗೆ ಎಲ್ಲಿ? ಒಂದು ಗುಂಡುಸೂಜಿ ಆದ್ರೂ ಕಾಲಿಗೆ ಚುಚ್ಚಿತಾ ನಿಮಗೆ?"

ಮೆಷಿನ್‌ಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದರ ಚಕ್ರ ಎಂದೋ ಸೀಳಿತ್ತು. ಇನ್ನೊಂದರ ಒಳಗೆ ತುಕ್ಕು ಗಡ್ಡೆಗಟ್ಟಿತ್ತು. ಒಂದು ರಾತ್ರಿಯ ಬೆಂಕಿಗೆ ಹಿಡಿಯುವ ತುಕ್ಕಲ್ಲ ಅದು.

ಹೊರಗೆ ಬಂದು ಸೈಕಲ್ ರಿಪೇರಿಯವನನ್ನು ಕೇಳಿದಳು. "ಇಲ್ಲಿ ಹೊಲಿಗೆ ಸದ್ದು ಯಾವಾಗ ಕೇಳ್ತಿತ್ತು?"

"ಭಾನುವಾರ ಮೇಡಂ. ವ್ಯಾನ್ ಬಂದಾಗ."

"ಬೇರೆ ದಿನ?"

"ಷಟರ್ ಎಳೆದಿರ್ತಿತ್ತು." ಅವನು ತಲೆ ಕೆರೆದುಕೊಂಡ. "ಭಾನುವಾರ ಒಂದಿನ ದುಡಿದು ವಾರವೆಲ್ಲ ರಜಾ ತಗೊಳ್ಳೋ ಕೆಲಸ ನನಗ್ಯಾಕೆ ಸಿಗ್ಲಿಲ್ಲ ಅಂದ್ಕೊಳ್ತಿದ್ದೆ."

ದಫೇದಾರ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ಅವಳ ಮೈ ಉರಿಯುತ್ತಿತ್ತು. ಸೂಜಿಯಿಲ್ಲದ ಮೆಷಿನ್ ತುಳಿಸಿ, ಆ ಸದ್ದು ಕೇಳಿಸಿ, ಬಡಪಾಯಿಗಳ ಕೈಯಿಂದ ದುಡ್ಡು ಉದುರಿಸಿಕೊಂಡಿದ್ದಾರೆ. ಪರದೆಯ ವ್ಯಾನಿನಲ್ಲಿ ಬಂದವರು ಗೌರವದಿಂದ ಬಾಗಿಲಲ್ಲೇ ನಿಂತು ನೋಡಿ ಹೋಗಿದ್ದಾರೆ. ಹತ್ತಿರ ಹೋಗಿ ಏನು ಹೊಲೀತಿದ್ದೀಯಮ್ಮ ಎಂದು ಕೇಳಲು ಒಬ್ಬರಿಗೂ ಬಾಯಿ ಬರಲಿಲ್ಲ.

* * *

ಮಾಲೀಕನ ಕಚೇರಿ ತಣ್ಣಗಿತ್ತು.

"ಹೊಸ ಮೆಷಿನ್‌ಗೆ ಸಾಲ ಕೊಟ್ಟಿದ್ವಿ ಮೇಡಂ. ಎಲ್ಲ ಬೂದಿ ಆಯ್ತು. ಏನ್ಮಾಡೋದು, ಹೂಡಿಕೆ ಅಂದ್ಮೇಲೆ ರಿಸ್ಕ್ ಇದ್ದೇ ಇರುತ್ತೆ. ಸಾಲ ತಗೊಂಡ ಉದ್ದಿಮೆ ಮುಳುಗಿದ್ರೆ ಹಾಕಿದವರ ದುಡ್ಡೂ ಮುಳುಗುತ್ತೆ. ಮೊದಲೇ ಹೇಳಿರ್ತೀವಿ, ಸಹಿ ಮಾಡಿರ್ತಾರೆ."

"ವಿಮೆ?"

"ಅದು ಕಂಪನಿ ಹೆಸರಲ್ಲಿದೆ."

"ಅಂದ್ರೆ ಬೆಂಕಿ ಬಿದ್ರೆ ನಿಮಗೆ ಲಾಭ, ಅವರಿಗೆ ನಷ್ಟ."

ಮಾಲೀಕ ಮುಗುಳ್ನಕ್ಕ. "ಹಚ್ಚಿದ್ದು ಅವರಲ್ಲೇ ಒಬ್ಬ ತಾನೇ? ನಾನಂತೂ ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದೆ. ಅಮ್ಮನಿಗೆ ಹುಷಾರಿರ್ಲಿಲ್ಲ. ನರ್ಸ್‌ಗಳನ್ನ ಕೇಳಿ."

ಕೇಳಿದಳು. ನಿಜವೇ. ಬೆಳಗಿನ ತನಕ ಅವನು ವಾರ್ಡಿನಲ್ಲೇ ಇದ್ದ. ಒಂದೇ ಒಂದು ವಿಚಿತ್ರ: ಅಮ್ಮನಿಗೆ ಕಾಯಿಲೆ ಏನೂ ಇರಲಿಲ್ಲ. "ಇಲ್ಯಾಕೆ ಮಲಗಿಸಿದ್ದಾನೋ ಗೊತ್ತಿಲ್ಲಮ್ಮಾ," ಎಂದಿತು ಮುದುಕಿ.

* * *

ಅಷ್ಟು ತುಕ್ಕಿನ ಮೆಷಿನ್ ಬರುವುದು ಗುಜರಿಯಿಂದಲೇ. ಗುಜರಿ ಅಂಗಡಿಯವನು ಸುಟ್ಟ ಮೆಷಿನ್‌ಗಳ ಫೋಟೋ ನೋಡಿದ ಕೂಡಲೇ ಗುರುತು ಹಿಡಿದ.

"ನಾನೇ ಕೊಟ್ಟಿದ್ದು ಮೇಡಂ. ತೂಕದ ಲೆಕ್ಕದಲ್ಲಿ. ಹೊಲಿಯೋಕೆ ಬರಲ್ಲ ಅಂದೆ. ಸದ್ದು ಬಂದ್ರೆ ಸಾಕು ಅಂದ."

"ಯಾರು?"

"ಹೆಸರು ಗೊತ್ತಿಲ್ಲ. ಹೊಲಿಗೆ ಅಣ್ಣ ಅಂತ ನಂಬರ್ ಇಟ್ಕೊಂಡಿದ್ದೀನಿ. ಮಹಾ ಜಿಪುಣ. ಮೊನ್ನೆ ಫೋನ್ ಮಾಡಿ, ಸುಟ್ಟ ಮೆಷಿನ್‌ಗೆ ಏನ್ ರೇಟು ಕೊಡ್ತೀಯ ಅಂದ. ಸುಟ್ಟಿದ್ದಕ್ಕೆ ಕಮ್ಮಿ ಅಂದೆ. ಅದಕ್ಕೂ ಚೌಕಾಸಿ ಮಾಡ್ದ ಮೇಡಂ!"

ಇನ್ಸ್‌ಪೆಕ್ಟರ್ ಕೂತಲ್ಲಿಂದ ಎದ್ದಳು. "ಮೊನ್ನೆ ಯಾವಾಗ? ಫೋನ್ ತೋರ್ಸು."

ಫೋನಿನಲ್ಲಿ ದಿನ, ಹೊತ್ತು ಎಲ್ಲ ಇತ್ತು. ಬೆಂಕಿ ಬೀಳುವ ಹಿಂದಿನ ಮಧ್ಯಾಹ್ನ. ಮೆಷಿನ್ ಇನ್ನೂ ಸುಟ್ಟಿರಲಿಲ್ಲ. ಸುಟ್ಟ ಮೆಷಿನ್‌ಗೆ ಆಗಲೇ ವ್ಯಾಪಾರ ಕುದುರಿತ್ತು.

ಅವಳು ಅದೇ ಫೋನಿನಿಂದ ಆ ನಂಬರು ಒತ್ತಿ, ಮಾತಾಡದೆ ಕಿವಿಗಿಟ್ಟುಕೊಂಡಳು.

"ಏನಪ್ಪಾ ಅವಸರ?" ಎಂದಿತು ಅತ್ತಲಿನ ಧ್ವನಿ. "ಪೊಲೀಸ್ನೋರು ಇನ್ನೂ ಜಾಗ ಬಿಟ್ಟಿಲ್ಲ. ಬಿಟ್ಟ ತಕ್ಷಣ ಹೇಳ್ತೀನಿ, ಗಾಡಿ ತಗೊಂಡ್ ಬಾ. ರೇಟಲ್ಲಿ ಮಾತ್ರ ಮಾತು ತಪ್ಪಬೇಡ."

ನಿನ್ನೆ ಸ್ಟೇಷನ್ನಿನಲ್ಲಿ ಕೈ ಮುಗಿದು ಅತ್ತ ಧ್ವನಿ ಅದು.

* * *

ಸಂಜೆ ಎಲ್ಲರನ್ನೂ ಸ್ಟೇಷನ್ನಿಗೆ ಕರೆಸಿದಳು. ಕ್ಷೌರಿಕ, ಅವನ ಹೆಂಡತಿ, ಏಜೆಂಟಣ್ಣ, ಮಾಲೀಕ. ಸುದ್ದಿ ತಿಳಿದು ದುಡ್ಡು ಹಾಕಿದವರೂ ಬಂದು ಬಾಗಿಲಲ್ಲಿ ಗುಂಪುಗೂಡಿದ್ದರು.

"ಹೊಲಿಗೆ ಕೋಣೆ ಸುಟ್ಟಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಯಾಕಂದ್ರೆ ಅಲ್ಲಿ ಹೊಲಿಗೆ ಕೋಣೆನೇ ಇರ್ಲಿಲ್ಲ. ಸಾಲ ತಗೊಂಡೋರೂ ಇಲ್ಲ, ಸಾಲಾನೂ ಇಲ್ಲ. ಗುಜರಿ ಮೆಷಿನ್, ಕೂಲಿ ಕೊಟ್ಟು ಕೂರಿಸಿದ ಹೆಂಗಸರು, ಭಾನುವಾರದ ನಾಟಕ. ಈ ವಾರ ನೀವೆಲ್ಲ ಹೇಳದೆ ಕೇಳದೆ ಹೋಗಿ ನೋಡೋಣ ಅಂತ ಮಾತಾಡ್ಕೊಂಡಿದ್ರಿ ಅಲ್ವಾ? ಅದು ಇವರ ಕಿವಿಗೆ ಬಿತ್ತು. ಸುಟ್ಟುಬಿಟ್ರೆ ಗುಟ್ಟೂ ಹೋಯ್ತು, ವಿಮೆನೂ ಬಂತು. ತಲೆ ಕೊಡೋಕೆ ಒಬ್ಬ ಬೇಕಿತ್ತು."

ಗುಜರಿಯವನ ಮಾತು ತಿಳಿದ ಮೇಲೆ ಕ್ಷೌರಿಕನೂ ಅವಳಿಗೆ ಎಲ್ಲ ಹೇಳಿದ್ದ. ಅವಳು ಏಜೆಂಟಣ್ಣನ ಎದುರು ನಿಂತಳು.

"ಆ ಸಂಜೆ ನೀನು ಇವನನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ಹೋದೆ. ಹೋಗಿ ಕೂಗಾಡು, ಹೆದರಿ ದುಡ್ಡು ಕೊಡ್ತಾರೆ ಅಂದೆ. ಇವನು ಕೂಗ್ದ. ನಾಲ್ಕು ಜನ ಕೇಳಿದ್ರು. ನೀನು ಮೂಲೇಲಿ ನಿಂತಿದ್ದೆ. ನಿನ್ನೆ ಇಲ್ಲಿ ಬಂದಾಗ ನಿನ್ನ ತಂಗಿ, ಇವರು ಮಾಡಿಲ್ಲ ಅಂದ್ಲು. ನೀನೊಬ್ಬ ಮಾತ್ರ, ಮಾಡಿದ್ದಾನೆ, ದಯ ತೋರಿಸಿ ಅಂದೆ. ಅಲ್ಲೇ ನಿನ್ನ ಮೇಲೆ ಕಣ್ಣು ಬಿತ್ತು. ಆದ್ರೆ ಸಿಕ್ಕಿಬಿದ್ದಿದ್ದು ಅದರಿಂದಲ್ಲ. ಹಚ್ಚೋಕೆ ಮುಂಚೆನೇ ಗುಜರಿಯವನ ಹತ್ರ ಸುಟ್ಟ ಕಬ್ಬಿಣಕ್ಕೆ ರೇಟು ಕೇಳಿದೆಯಲ್ಲ, ಅದರಿಂದ. ಅಷ್ಟು ಜನರ ದುಡ್ಡು ನುಂಗಿದ್ದು ಸಾಲ್ಲಿಲ್ವಾ ನಿಂಗೆ?"

ಏಜೆಂಟಣ್ಣ ಬಿಳುಚಿಕೊಂಡ. ಮಾಲೀಕ ಕುರ್ಚಿ ಹಿಂದಕ್ಕೆ ಸರಿಸಿದ. "ಇದು ಅವನ ಸ್ವಂತ ಕೆಲಸ ಮೇಡಂ. ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ."

"ಸಂಬಂಧ ಇಲ್ವಾ?" ಏಜೆಂಟಣ್ಣ ಕಿರುಚಿದ. "ಕೀ ಕೊಟ್ಟೋರು ಯಾರು? ಸೀಮೆಎಣ್ಣೆಗೆ ದುಡ್ಡು ಕೊಟ್ಟೋರು ಯಾರು? ನಾನು ಆಸ್ಪತ್ರೇಲಿ ಇರ್ತೀನಿ, ನೀನು ಮುಗಿಸಿಬಿಡು ಅಂದೋರು ಯಾರು?"

ದಫೇದಾರ ಅದನ್ನೆಲ್ಲ ಬರೆದುಕೊಂಡ. ಮಾಲೀಕನ ಮುಗುಳ್ನಗೆ ಮೊದಲ ಬಾರಿಗೆ ಮಾಯವಾಯಿತು.

"ಮೇಡಂ, ನಮ್ ದುಡ್ಡು?" ಎಂದು ಬಾಗಿಲಿನಿಂದ ಒಬ್ಬರು ಕೇಳಿದರು.

ಇನ್ಸ್‌ಪೆಕ್ಟರ್‌ಗೆ ಸುಳ್ಳು ಹೇಳಬೇಕೆನ್ನಿಸಿತು. ಹೇಳಲಿಲ್ಲ. "ಕೋರ್ಟು ಈ ಮಾಲೀಕನ ಆಸ್ತಿ ಜಪ್ತಿ ಮಾಡ್ಬೇಕು. ಎಷ್ಟು ಉಳಿದಿದೆಯೋ, ಯಾವಾಗ ಬರುತ್ತೋ, ನಾನು ಮಾತು ಕೊಡಲ್ಲ. ಮಾತು ಕೊಟ್ಟೋರನ್ನ ನಂಬಿದ್ದು ಸಾಕು."

ಗುಂಪಿನಲ್ಲಿ ಯಾರೋ ಬಿಕ್ಕಿದರು. ಯಾರೋ ಮಾಲೀಕನಿಗೆ ಶಾಪ ಹಾಕಿದರು. ಯಾರೂ ಅವರನ್ನು ತಡೆಯಲಿಲ್ಲ.

ಕ್ಷೌರಿಕನನ್ನು ಬಿಟ್ಟುಕೊಟ್ಟರು. ಹೆಂಡತಿ ಅವನ ಅಂಗಿಯ ಕಾಲರ್ ಸರಿಮಾಡಿದಳು. "ಅವತ್ತೇ ಹೇಳಿದ್ರೆ ಏನಾಗ್ತಿತ್ತು ನಿಮಗೆ?" ಎಂದು ಗದರಿಸಿದಳು.

"ನಿನಗೆ ಇರೋದು ಒಬ್ಬ ಅಣ್ಣ," ಎಂದ ಅವನು.

ಅಷ್ಟರಲ್ಲಿ ಆ ಅಣ್ಣ ಅವಳ ಹತ್ತಿರ ಬಂದ. ಕೈಕೋಳ ಬಿದ್ದಿತ್ತು. "ತಂಗೀ, ನಾಳೆ ಕೋರ್ಟಿಗೆ ಹಾಜರು ಮಾಡ್ತಾರೆ. ಜಾಮೀನಿಗೆ ಯಾರಾದ್ರೂ ನಿಲ್ಲಬೇಕು. ನಿನ್ನ ಬಿಟ್ರೆ ನನಗ್ಯಾರಿದ್ದಾರೆ ಹೇಳು?"

ಅವಳು ಅವನ ಮುಖವನ್ನೇ ನೋಡಿದಳು.

"ಜಾಮೀನಿಗೆ ನಿಲ್ಲೋಕೆ ನಮ್ಮದು ಅಂತ ಏನಾದ್ರೂ ತೋರಿಸ್ಬೇಕಂತಲ್ಲ ಅಣ್ಣ. ನನ್ನ ಹತ್ರ ಇದ್ದಿದ್ದು ಎರಡೇ. ದುಡ್ಡನ್ನ ನೀನು ಮೊದಲೇ ತಗೊಂಡು ಹೋಗಿದ್ದೆ. ಇವರನ್ನೂ ಪೊಲೀಸ್ನೋರಿಗೆ ಹಿಡಿದು ಕೊಟ್ಬಿಟ್ಟಿದ್ದೆ. ಇನ್ನೇನು ತೋರಿಸ್ಲಿ?"

ಇನ್ಸ್‌ಪೆಕ್ಟರ್ ಲಾಕಪ್ಪಿನ ಬಾಗಿಲು ತೆರೆದು ಹಿಡಿದಳು.

"ನಡಿ ಒಳಗೆ," ಎಂದಳು.