ಕದದ ಒಳಬದಿಯ ಗೀರುಗಳು

"ಆ ಬಾಗಿಲ ಮುಟ್ಟಬ್ಯಾಡ್ರೀ!"

ಚಂದ್ರಭಾಗಾಳ ಕೂಗಿಗೆ ವೈಜಿನಾಥ ಬೆಚ್ಚಿ ತಿರುಗಿದ. ಒಂದು ಕ್ಷಣ... ಇಬ್ಬರ ಕಣ್ಣೂ ಕದಲಲಿಲ್ಲ.

ನಿಜಾಮರ ಕಾಲ. ನಿಲಂಗಾದ ವೈಜಿನಾಥ ನಾಟಕದ ಪರದೆ ಬರೆಯುತ್ತ ಬೆಳೆದು, ಪುಣೆಯ ಸಿನಿಮಾ ಕಂಪನಿ ಸೇರಿದ್ದ. ಕಥೆಗೆ ಬೇಕಾದ ಮನೆ, ಓಣಿಗಳನ್ನು ಕಟ್ಟುವುದು ಅವನ ಕೆಲಸ. ಹಳೆಯ ಮನೆಗಳ ಚಿತ್ರ ಬರೆದುಕೊಳ್ಳಲು ಉದಗೀರಿಗೆ ಬಂದಿದ್ದ. ಬಟ್ಟೆ ವ್ಯಾಪಾರಿ ಮನ್ಮಥಪ್ಪ ಹೆಮ್ಮೆಯಿಂದಲೇ ತನ್ನ ಮನೆ ತೋರಿಸಿದ್ದ.

ವೈಜಿನಾಥ ದಿನಾ ಬಂದ. ಕಂಬ ಬರೆದ, ತೊಲೆ ಬರೆದ; ಚಂದ್ರಭಾಗಾಳ ಮನಸ್ಸನ್ನೂ ಗೆದ್ದ. ಏಳನೆಯ ದಿನ ಮನ್ಮಥಪ್ಪನ ಆ ಮಗಳೇ, ತಾನು ತಡೆದಿದ್ದ ಬಾಗಿಲು ತೆರೆದಳು.

"ನಮ್ಮವ್ವಗ ಕಾಲರಾ ಬಂದಿತ್ತು. ಅಪ್ಪ ಇದರಾಗ ಹಾಕಿ ಅಗಳಿ ಜಡದ. ಎರಡು ದಿನ ನೀರು ಬೇಡಿದಳು... ನೋಡ್ರಿ, ಉಗುರಿಲೆ ಕದ ಕೆರದಾಳ. ತವರಮನ್ಯಾಗ ಸತ್ತಳು ಅಂತ ಊರಿಗಿ ಹೇಳಿದ. ನಾ ಎಂಟು ವರ್ಷದಾಕಿ. ಅಗಳಿ ಕೈಗಿ ಸಿಗಲಿಲ್ರೀ..."

ವೈಜಿನಾಥನ ಕಣ್ಣೂ ತುಂಬಿತು. "ಯಾರಿಗೂ ಹೇಳಲ್ಲ, ನಿನ್ನಾಣಿ. ವರ್ಷದಾಗ ಬಂದು ನಿಮ್ಮಪ್ಪಗ ಹೆಣ್ಣು ಕೇಳ್ತೀನಿ."

ಅವಳು ನಂಬಿದಳು!

ವರ್ಷ ಕಳೆಯಿತು. ಅವನು ಬರಲಿಲ್ಲ... ಅವನ ಸಿನಿಮಾ ಬಂತು.

ಕೋಟೆಯ ಬಳಿಯ ಡೇರೆಯಲ್ಲಿ ಇಡೀ ಪೇಟೆ ಸೇರಿತ್ತು. ಪರದೆಯ ಮೇಲೊಂದು ಕೋಣೆ ಮೂಡಿತು. ಅದೇ ತೊಲೆ, ಅದೇ ಗೂಡು... ಕದದ ಮೇಲೆ ಅವೇ ಗೀರುಗಳು! ಒಳಗೆ ರೋಗಿ ಹೆಂಗಸೊಬ್ಬಳು ನೀರಿಗಾಗಿ ಗೋಗರೆಯುತ್ತಿದ್ದಳು.

"ಅಯ್ಯೋ, ಶಿವಗಂಗಾ!" ಚಂದ್ರಭಾಗಾಳ ಸೋದರತ್ತೆ ಮಾಣಿಕಬಾಯಿ ಚೀರಿದಳು. "ಇದು ನಮ್ಮ ಮನೀರೀ! ನಮ್ಮ ವೈನಿ, ಅಣ್ಣನ ಹೆಂಡ್ತಿ, ಹಿಂಗೇ ಸತ್ತಳು!"

ನೂರು ಮುಖಗಳು ಮನ್ಮಥಪ್ಪನತ್ತ ತಿರುಗಿದವು.

ಮನೆಗೆ ಬಂದವನೇ ಅವನು ಮಗಳ ಜಡೆ ಹಿಡಿದ. "ಆ ಖೋಲಿ ಯಾಕ ತೋರಿಸ್ದಿ?" ಕೈ ಸೋಲುವವರೆಗೆ ಬಡಿದು, ಅದೇ ಕೋಣೆಗೆ ನೂಕಿ ಅಗಳಿ ಹಾಕಿದ.

'ಅವ್ವನ ಸಾವು ವೈಜಿನಾಥನಿಗೆ ಬರೀ ಒಂದು ಚಿತ್ರವಾಯಿತೆ?' ಚಂದ್ರಭಾಗಾ ಗೋಡೆಗೆ ತಲೆ ಚಚ್ಚಿಕೊಂಡಳು.

ಮೂರನೆಯ ದಿನ ವೈಜಿನಾಥ ಬಂದ. ಹೆಣ್ಣು ಕೇಳಲು, ತಡವಾಗಿ. ಪೇಟೆಯಲ್ಲಿ ಸಂಗತಿ ತಿಳಿದು ನೇರ ಮನ್ಮಥಪ್ಪನ ಅಂಗಡಿಗೇ ನಡೆದ.

"ಆಕಿದೇನೂ ತಪ್ಪಿಲ್ರೀ. ನನಗ ಹೊಡೀರಿ."

ಮನ್ಮಥಪ್ಪ ಆಳುಗಳಿಂದ ಅವನ ಬಲಗೈಯನ್ನು ಹೊಸ್ತಿಲ ಮೇಲೆ ಹಿಡಿಸಿದ. ಬಟ್ಟೆ ಅಳೆಯುವ ಕಬ್ಬಿಣದ ಗಜದಿಂದ ಬೆರಳುಗಳನ್ನು ಒಂದೊಂದಾಗಿ ಜಜ್ಜಿದ.

ಆ ಕಿರುಚಾಟ ಮನೆಯವರೆಗೂ ಕೇಳಿತು. ಮಾಣಿಕಬಾಯಿ ಓಡಿಬಂದು ಅಗಳಿ ತೆಗೆದಳು. "ಆವತ್ತು ನಿಮ್ಮವ್ವನ ಕೂಗು ಕೇಳಿನೂ ಸುಮ್ಮ ಕುಂತಿದ್ದೆ, ತಾಯಿ... ನೀ ಹೋಗು!"

ಚಂದ್ರಭಾಗಾ ಹುಡುಕಿ ಬಂದಾಗ, ವೈದ್ಯರ ಮನೆಯ ಕಟ್ಟೆಯ ಮೇಲೆ ವೈಜಿನಾಥ ಕೈಗೆ ಪಟ್ಟಿ ಸುತ್ತಿಸಿಕೊಂಡು ಬಿದ್ದಿದ್ದ.

"ಬೇಕಂತೇ ಮಾಡಿದ್ರೇನು?"

"ಹೌದು." ಅವನು ಸುಳ್ಳಾಡಲಿಲ್ಲ. "ಅಷ್ಟು ಖರೇ ಕೋಣಿ ನಾ ಎಂದೂ ಕಟ್ಟಿದ್ದಿಲ್ಲ. ಎಲ್ಲಾರೂ ಶಹಬ್ಬಾಸ್ ಅಂದ್ರು. ಹೆಸರಿನ ಆಶಾಕ ನಿಮ್ಮವ್ವನ ಕಥಿನೂ ಹೇಳಿ ಆಣಿ ಮುರದೆ... ಆಮ್ಯಾಲ ನಿನಗ ಮಾರಿ ತೋರಸ್ಲಾಕ ಅಂಜಿದೆ."

"ಸಾಯೂತನಕ ನಿಮಗ ಮಾಫ್ ಮಾಡಲ್ಲ."

"ಮಾಡಬ್ಯಾಡ. ಈ ಕೈ ಇನ್ನ ಬರ್ಯಲ್ಲ. ಹೋಗು, ಚಂದ್ರಾ."

ಅವಳು ಹೋಗಲಿಲ್ಲ. ಪಕ್ಕದಲ್ಲಿ ಕುಳಿತು, ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

"ಎಡಗೈಲೆ ಕಲೀರಿ."

ಅವನು ತಲೆ ಎತ್ತಿ ಅವಳನ್ನೇ ನೋಡಿದ. "ನೀ... ನನ್ನ ಸಂಗಟ ಇರ್ತೀಯೇನು?"

"ಸಿಟ್ಟು ಹೋಗಿಲ್ಲ. ಆದ್ರ ನಿಮ್ಮನ್ನ ಬಿಟ್ಟು ಇರಲಾಕ ಆಗಲ್ಲ... ಏನ್ಮಾಡ್ಲಿ?"

ಅವನು ಎಳೆಯ ಮಗುವಿನಂತೆ ಅತ್ತ.

"ಏನು ಬರೀಲಿ, ಚಂದ್ರಾ?"

"ಏನರ ಬರೀರಿ... ನನಗ ಕೇಳಿ ಬರೀರಿ."