ಟೂ-ಎಕ್ಸ್ ಬೇಕೋ ಬೇಡವೋ

ಕಲಬುರಗಿಯ ಮುಂದಿನ ಇತಿಹಾಸವನ್ನು ನಿರ್ಧರಿಸಬೇಕಾದ ಪ್ರಶ್ನೆಯೊಂದು ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಸ್ಟೇಶನ್ ಬಜಾರದ ಕ್ಯಾಮೆರಾ ಅಂಗಡಿಯೊಂದರ ಗಾಜಿನ ಮೇಜಿನ ಮೇಲೆ ಕುಳಿತಿತ್ತು. ಅದು ಕಪ್ಪಗೆ, ದುಂಡಗೆ, ದಪ್ಪ ಬಳೆಯ ಹಾಗಿತ್ತು. ಹೆಸರು ಟೆಲಿಕನ್ವರ್ಟರ್.

ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿತ್ತು. ಇಂಥ ದೊಡ್ಡ ವಿಷಯಗಳು ಅಷ್ಟಾದರೂ ಗುಟ್ಟಾಗಿ ನಡೆಯಬೇಡವೇ?

“ಇದು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವ ಕೂಡ್ತದ, ಬೇಟಾ,” ಎಂದರು ಅಂಗಡಿಯ ಝಹೀರ್ ಭಾಯ್. “ಇನ್ನೂರರ ಲೆನ್ಸ್ ನಾಕನೂರರದು ಆಗ್ತದ. ಡಬಲ್! ಅದಕ್ಕ ಟೂ-ಎಕ್ಸ್ ಅಂತಾರ. ಲೇಕಿನ್ ಒಂದು ಮಾತು. ಇದು ಬೆಳಕು ತಿಂತದ.”

“ತಿನ್ಲಿ ಬಿಡ್ರಿ,” ಎಂದಳು ಕಾವೇರಿ.

ಐದನೇ ಕ್ಲಾಸಿಗೆ ಬರುವವರೆಗೂ ಕಲಬುರಗಿಯಲ್ಲಿ ಬೆಳಕಿಗೆ ಬರ ಬಂದದ್ದನ್ನು ಅವಳು ಕಂಡಿರಲಿಲ್ಲ.

ಪಕ್ಕದಲ್ಲಿ ಅವಳ ಕಪಿಲ ಮಾಮಾ ದಪ್ಪನೆಯ ಬಿಳಿ ಲೆನ್ಸೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದ. ಮಾಮಾ ಮದುವೆಯ ಫೋಟೋಗ್ರಾಫರ್. ಈಚೆಗೆ ಮದುವೆಗಳಲ್ಲಿ ಅವನಿಗೆ ಮದುಮಕ್ಕಳೇ ಕಾಣುತ್ತಿರಲಿಲ್ಲ. ಬೀಗರೆಲ್ಲ ಮೊಬೈಲ್ ಎತ್ತಿ ಸ್ಟೇಜಿನ ಮುಂದೆ ಅಡ್ಡ ನಿಲ್ಲುತ್ತಿದ್ದರು. ಹಾಲ್‌ನ ಹಿಂದಿನಿಂದ ಕುರ್ಚಿ ಹತ್ತಿ ತೆಗೆಯಲು ಅವನಿಗೊಂದು ದೂರದ ಲೆನ್ಸ್ ಬೇಕಾಗಿತ್ತು.

“ಆ ಉದ್ದಂದು ಬ್ಯಾಡೇನು?” ಎಂದು ಝಹೀರ್ ಭಾಯ್ ಕಪಾಟಿನಲ್ಲಿದ್ದ ಮೊಳದುದ್ದದ ಲೆನ್ಸೊಂದನ್ನು ತೋರಿಸಿದರು. “ಆರನೂರರ ತನಕ ಹೋಗ್ತದ. ಹಕ್ಕಿ ತಗಿಯವ್ರು ಅದನ್ನ ಕೇಳ್ತಾರ.”

“ಅದನ್ನ ಮದುವಿ ಮನಿಗೆ ಒಯ್ದೆ ಅಂದ್ರ ತೋಪು ತಂದಾನ ಅಂತ ಮದುಮಗ ಓಡಿ ಹೋಗ್ತಾನ್ರಿ,” ಎಂದ ಮಾಮಾ. “ಮತ್ತ ಕತ್ತಲ ಹಾಲ್‌ನಾಗ ಅದು ನಡಿಯಂಗಿಲ್ಲ. ನನಗ ಈ ಬಿಳೀದ ಸಾಕು. ಈ ಟೂ-ಎಕ್ಸ್ ರಿಂಗ್ ಬೇಕೋ ಬ್ಯಾಡೋ, ಈ ಅಮ್ಮಾವ್ರನ್ನ ಕೇಳ್ರಿ. ಬೇಕಂದ್ರ ಈ ವರ್ಷ ನನಗ ಹೊಸಾ ಫ್ಲ್ಯಾಶ್ ಇಲ್ಲ.”

ಅಮ್ಮಾವ್ರು ಎಂದರೆ ಕಾವೇರಿ. ಜೂನ್ ತಿಂಗಳಿಂದ ಅವಳು ಮಾಮಾನ ತಲೆ ತಿಂದು, ಅಷ್ಟು ಅಧಿಕಾರವನ್ನು ಸಂಪಾದಿಸಿದ್ದಳು.

“ಇವತ್ತು ಎರಡೂ ಒಯ್ರಿ, ನೋಡ್ರಿ,” ಎಂದರು ಝಹೀರ್ ಭಾಯ್. “ಸಂಜಿ ಒಳಗ ವಾಪಸ್ ತಂದು ಹೇಳ್ರಿ.”

ಮಾಮಾ ಬೈಕು ಹುಮನಾಬಾದ್ ರಸ್ತೆಗೆ ತಿರುಗಿಸಿದ. ಹಿಂದೆ ಕುಳಿತ ಕಾವೇರಿ ಬ್ಯಾಗನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು. ಅವರು ಹೊರಟದ್ದು ಕಮಲಾಪುರಕ್ಕೆ.

ಕಮಲಾಪುರದಲ್ಲಿ ಅಂಬರೀನ್ ಇದ್ದಳು.

ಜೂನ್‌ವರೆಗೆ ಅಂಬರೀನ್ ಇದ್ದದ್ದು ಕಲಬುರಗಿಯ ಗಾಜಿಪುರದಲ್ಲಿ, ಕಾವೇರಿಯ ಮನೆಯ ಪಕ್ಕದಲ್ಲೇ. ಎರಡು ಮಾಳಿಗೆಗಳ ನಡುವೆ ಸೊಂಟದೆತ್ತರದ ಒಂದು ಗೋಡೆ. ಹೋಮ್‌ವರ್ಕ್, ಜಗಳ, ಹುರಿದ ಶೇಂಗಾ ಎಲ್ಲವೂ ಆ ಗೋಡೆಯ ಮೇಲಿಂದಲೇ ದಾಟುತ್ತಿದ್ದವು. ಆಮೇಲೆ ಅವಳ ಅಬ್ಬಾಗೆ ಕಮಲಾಪುರಕ್ಕೆ ವರ್ಗವಾಯಿತು. ಒಂದು ಟೆಂಪೋದಲ್ಲಿ ಕಪಾಟು, ಹೊಲಿಗೆ ಯಂತ್ರ, ಅಂಬರೀನ್ ಎಲ್ಲರೂ ಹೋದರು.

ಅಲ್ಲಿಂದ ಅವಳು ಅಮ್ಮಿಯ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. “ನಮ್ಮ ಮನಿ ಹಿಂದಿನ ವಾಯರ್ ಮ್ಯಾಲ ದಿನಾ ಒಂದು ನೀಲಕಂಠ ಬರ್ತದ. ಹಾರಿದ್ರ ಪೂರಾ ನೀಲಿ! ನೀನು ನೋಡಬೇಕಿತ್ತು, ಯಾರ್.”

ಆ ಮೆಸೇಜನ್ನು ಕಾವೇರಿ ಎಷ್ಟು ಸಲ ಕೇಳಿದ್ದಳೋ. ಫೋಟೋ ತೆಗೆಯುತ್ತೇನೆ, ದೂರದ್ದನ್ನು ಹತ್ತಿರ ತರುವ ಲೆನ್ಸ್ ತರುತ್ತೇನೆ ಎಂದು ಉತ್ತರ ಕಳಿಸಿದ್ದಳು. ಯೂಟ್ಯೂಬಿನಲ್ಲಿ ಲೆನ್ಸಿನ ವಿಡಿಯೋಗಳನ್ನು ನೋಡಿದಳು. ಇನ್ನೂರರ ಲೆನ್ಸ್ ನಾಲ್ಕು ಪಟ್ಟು ಹತ್ತಿರ ತೋರಿಸುತ್ತದಂತೆ. ಟೂ-ಎಕ್ಸ್ ಹಾಕಿದರೆ ಎಂಟು ಪಟ್ಟು. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವಳು ಒಂದು ಲೆಕ್ಕ ಮಾಡಿದ್ದಳು. ಕಮಲಾಪುರಕ್ಕೆ ಮೂವತ್ತೆಂಟು ಕಿಲೋಮೀಟರ್. ಎಂಟರಿಂದ ಭಾಗಿಸಿದರೆ ನಾಲ್ಕೂ ಮುಕ್ಕಾಲು. ಉತ್ತರ ಸರಿಯಿತ್ತು. ಆದರೆ ನಾಲ್ಕೂ ಮುಕ್ಕಾಲು ಕಿಲೋಮೀಟರ್ ಆಚೆ ಇರುವವರಿಗೂ ಶೇಂಗಾ ಕೊಡಲು ಬರುವುದಿಲ್ಲ.

ಅಂಬರೀನ್ ಮನೆಯ ಮುಂದೆಯೇ ಕಾಯುತ್ತಿದ್ದಳು. “ಎಷ್ಟ್ ಲೇಟ್! ನಾ ಏಳಕ್ಕ ಎದ್ದೀನಿ!” ಎಂದು ಕೈ ಹಿಡಿದು ಎಳೆದುಕೊಂಡೇ ಹಿತ್ತಿಲಿಗೆ ಹೋದಳು. ಅವಳ ಅಮ್ಮಿ ಮುನೀರಾ, “ಅರೇ, ಮೊದಲು ಖಿಚಡಿ ತಿನ್ರಿ!” ಎಂದು ಒಳಗಿನಿಂದ ಕೂಗಿದ್ದನ್ನು ಮಾಮಾ ಒಬ್ಬನೇ ಕಿವಿಗೆ ಹಾಕಿಕೊಂಡ.

ಹಿತ್ತಿಲ ಗೋಡೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಕಾಲು ಬೀಸುತ್ತ ಕುಳಿತಿದ್ದಳು. ಹಾಗೆ ಕೂರುವುದು ಕಾವೇರಿಗೆ ಚೆನ್ನಾಗಿ ಗೊತ್ತಿತ್ತು. ಗಾಜಿಪುರದ ಗೋಡೆಯ ಮೇಲೆ ಹಾಗೆ ಕೂರುತ್ತಿದ್ದವಳು ಅವಳೇ.

“ಇಕಿ ತ್ರಿವೇಣಿ,” ಎಂದಳು ಅಂಬರೀನ್. “ನಮ್ಮ ಕ್ಲಾಸ್.”

“ಇನ್‌ಸ್ಪೆಕ್ಟರ್ ಇನ್ನೂ ಬಂದಿಲ್ಲ,” ಎಂದಳು ತ್ರಿವೇಣಿ.

“ಯಾವ ಇನ್‌ಸ್ಪೆಕ್ಟರ್?”

“ಅದ, ನೀಲಕಂಠ. ಸುಮ್ನ ಕೂತು ಎಲ್ಲಾರನ್ನೂ ನೋಡ್ತದಲ್ಲ? ಅದಕ್ಕ ನಾವಿಬ್ರೂ ಹೆಸರಿಟ್ಟೀವಿ.”

ನಾವಿಬ್ರೂ. ಕಾವೇರಿ ಬ್ಯಾಗಿನ ಜಿಪ್ ಎಳೆದಳು.

ಗೋಡೆಯ ಆಚೆ ತೊಗರಿ ಕೊಯ್ದ ಹೊಲ. ಹೊಲದ ಅಂಚಿಗೆ ಕರೆಂಟಿನ ವಾಯರ್. ಮಾಮಾ ಕೈ ತೊಳೆದು ಬಂದು ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾಕ್ಕೆ ಕನ್ವರ್ಟರ್ ಸಿಕ್ಕಿಸಿ, ಅದರ ಮುಂದೆ ಬಿಳಿ ಲೆನ್ಸ್ ಹಾಕಿದ. ಸ್ವಲ್ಪ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ವಾಯರ್ ಮೇಲೆ ಕುಳಿತರು.

ಕಾವೇರಿ ಕಣ್ಣು ಹಚ್ಚಿದಳು. ಅಬ್ಬಾ! ಹಕ್ಕಿ ಕೈಗೆ ಸಿಗುವಷ್ಟು ಹತ್ತಿರ. ಕೊಕ್ಕಿಗೆ ಮಿಡತೆಯ ಒಂದು ಕಾಲು ಅಂಟಿಕೊಂಡದ್ದೂ ಕಾಣುತ್ತಿತ್ತು.

“ಇಲ್ಲಿ ನೋಡ್ರಿ ಸರs... ಗದ್ದ ಸೊಲ್ಪ ಮ್ಯಾಲೆ...” ಎಂದು ಮಾಮಾ ರೂಢಿಯಂತೆ ಹಕ್ಕಿಗೆ ಹೇಳಿದ. ಹಕ್ಕಿ ಮುಖ ತಿರುಗಿಸಿತು.

ಆದರೆ ಕುಳಿತ ನೀಲಕಂಠದ ಎದೆ ಕಂದು, ಬೆನ್ನು ಕಂದು. ನೀಲಿಯನ್ನೆಲ್ಲ ಅದು ರೆಕ್ಕೆಯೊಳಗೆ ಮಡಚಿಟ್ಟಿತ್ತು. ಬೇಕಾದದ್ದು ಹಾರುವ ಫೋಟೋ.

ಅದು ಹಾರಿತು. ಲೆನ್ಸ್ ಗುರ್ ಗುರ್ ಎಂದು ಹುಡುಕಾಡಿತು. ಫೋಟೋದಲ್ಲಿ ಬರೀ ಆಕಾಶ ಬಂತು.

ಎರಡನೇ ಸಲ ಒಂದು ಬಾಲ. ಮೂರನೇ ಸಲ, ಒದ್ದೆ ಬಟ್ಟೆಯಿಂದ ಒರೆಸಿದಂಥ ಒಂದು ನೀಲಿ ಗೆರೆ.

“ಝಹೀರ್ ಭಾಯ್ ಹೇಳಿದ್ರಲ್ಲ?” ಎಂದ ಮಾಮಾ. “ರಿಂಗ್ ಬೆಳಕು ತಿಂತದ. ಬೆಳಕು ಕಡಿಮಿ ಆದ್ರ ಕ್ಯಾಮೆರಾ ನಿಧಾನ ಆಗ್ತದ. ಹಕ್ಕಿ ನಿಧಾನ ಆಗಂಗಿಲ್ಲ.”

“ಕಾವೇರಿ, ನಂಗೂ ತೋರ್ಸು,” ಎಂದಳು ಅಂಬರೀನ್.

“ಸೊಲ್ಪ ತಡಿ.”

“ಒಂದೇ ಸಲ.”

“ತಡಿ ಅಂದೆನಲ್ಲ!”

ಕಣ್ಣು ತೆಗೆಯಲು ಕಾವೇರಿಗೆ ಮನಸ್ಸಿರಲಿಲ್ಲ. ಆ ಪುಟ್ಟ ಚೌಕದೊಳಗೆ ಹಕ್ಕಿ ಮಾತ್ರ ಇತ್ತು. ತ್ರಿವೇಣಿ ಇರಲಿಲ್ಲ. ನಾವಿಬ್ರೂ ಇರಲಿಲ್ಲ.

ಅಂಬರೀನ್ ಇನ್ನೂ ಎರಡು ಸಲ ಕೇಳಿ ಅತ್ತ ಹೋದಳು. ಸ್ವಲ್ಪ ಹೊತ್ತಿನಲ್ಲಿ ಹಿಂದೆ ಕುಂಟೆಬಿಲ್ಲೆಯ ಸದ್ದು, ಇಬ್ಬರ ನಗು. ಹಕ್ಕಿ ಎದ್ದು ಎಲ್ಲೋ ಹೋಯಿತು. ಹನ್ನೆರಡಾಯಿತು, ಒಂದಾಯಿತು. ಬಿಳಿ ಮೋಡವೊಂದು ಬಂದು ಬಿಸಿಲಿನ ಮೇಲೆ ಕುಳಿತಿತು. ಊಟ ಮಾಡಿ ಬಂದರೂ ವಾಯರ್ ಖಾಲಿ. ಮೂರಕ್ಕೆ ಹೊರಡಬೇಕು ಎಂದು ಮಾಮಾ ಗಡಿಯಾರ ತೋರಿಸಿದ.

“ನೀವು ಗದ್ದಲ ಮಾಡಿ ಓಡಿಸಿದ್ರಿ!” ಕಾವೇರಿ ತಿರುಗಿ ಕೂಗಿದಳು. “ಹಕ್ಕಿ ಫೋಟೋ ತಗಿಯಾಗ ಕಲ್ಲಿನಂಗ ಕೂಡಬೇಕು. ಯೂಟ್ಯೂಬ್‌ನಾಗ ಹೇಳ್ಯಾರ!”

“ಯೂಟ್ಯೂಬ್‌ನವ್ರು ಕಮಲಾಪುರಕ್ಕ ಬಂದಾರೇನು?” ಅಂಬರೀನಳ ದನಿಯೂ ಏರಿತು. “ನಾವು ಹೊಲಕ್ಕ ಇಳೀಲಿಲ್ಲ ಅಂತನ ಅದು ಹೋಗ್ಯದ! ದಿನಾ ಹೊಲದಾಗ ಓಡ್ತೀವಿ, ಮಿಡತಿ ಏಳ್ತಾವ, ಅದು ತಿನ್ನಾಕ ಬರ್ತದ. ಹೇಳಬೇಕಂದ್ರ ನೀ ಮುಖಾನೇ ತಿರುಗಿಸವಲ್ಲಿ! ನನ್ನ ನೋಡಾಕ ಬಂದಿಯೋ, ಹಕ್ಕಿ ನೋಡಾಕ ಬಂದಿಯೋ?”

ಅಂಬರೀನ್ ಉತ್ತರಕ್ಕೆ ಕಾಯಲಿಲ್ಲ. ತ್ರಿವೇಣಿಯ ಕೈ ಹಿಡಿದು ಗೋಡೆ ಹಾರಿ ಹೊಲಕ್ಕಿಳಿದಳು.

ಕಾವೇರಿ ಮತ್ತೆ ಕಣ್ಣು ಹಚ್ಚಿದಳು. ಚೌಕದೊಳಗೆ ತೊಗರಿಯ ಕೂಳೆ, ಮಣ್ಣು, ಮತ್ತೆ ಕೂಳೆ. ತಟ್ಟನೆ ಅಂಬರೀನಳ ಮುಖ ಬಂತು. ಮುಖ ಮತ್ತು ಒಂದು ಹೆಗಲು, ಅಷ್ಟೇ. ಅಳುವುದಕ್ಕೂ ನಗುವುದಕ್ಕೂ ನಡುವೆ ಬಾಯಿ ತುಸು ತೆರೆದಿತ್ತು. ಜೂನ್‌ನಲ್ಲಿ ಟೆಂಪೋ ಹತ್ತುವಾಗ ಎಡಗಡೆ ಒಂದು ಹಲ್ಲು ಬಿದ್ದಿತ್ತು. ಈಗ ಅಲ್ಲಿ ಹಲ್ಲು ಪೂರ್ತಿ ಬಂದಿತ್ತು. ಯಾವಾಗ ಬಂತೋ. ವಾಯ್ಸ್ ಮೆಸೇಜಿನಲ್ಲಿ ಹಲ್ಲು ಕಾಣುವುದಿಲ್ಲ.

ಕಾವೇರಿ ಕೈ ಚಾಚಿದಳು. ಕೈಗೆ ಗೋಡೆಯ ಇಟ್ಟಿಗೆ ತಾಗಿತು. ಕಣ್ಣು ತೆಗೆದು ನೋಡಿದರೆ ಅಂಬರೀನ್ ಹೊಲದ ನಡುವೆ, ಅಲ್ಲೆಲ್ಲೋ, ಇಷ್ಟೇ ಇಷ್ಟು.

“ಮಾಮಾ, ರಿಂಗ್ ತಗಿ. ಲಗೂನ.”

“ಹಕ್ಕಿ ಸಣ್ಣದ ಬರ್ತದ ನೋಡು.”

“ಬರ್ಲಿ.”

ಮಾಮಾ ಕನ್ವರ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹೊಲದಲ್ಲಿ ಇಬ್ಬರೂ ಕೂಳೆ ಒದೆಯುತ್ತ ಓಡತೊಡಗಿದ್ದರು. ಅವರ ಕಾಲ ಸುತ್ತ ಮಿಡತೆಗಳು ಎದ್ದವು. ಹೊಲದಂಚಿನ ಬೇವಿನ ಮರದಿಂದ ಇನ್‌ಸ್ಪೆಕ್ಟರ್ ಸಾಹೇಬರು ನೇರ ಅವರ ಮುಂದೆಯೇ ಇಳಿದರು, ರೆಕ್ಕೆ ಪೂರಾ ಬಿಚ್ಚಿ. ಅದೇ ಗಳಿಗೆಯಲ್ಲಿ ಅಂಬರೀನ್ ಸಿಟ್ಟು ಮರೆತು ಹಿಂದಕ್ಕೆ ತಿರುಗಿ, “ಬಂತು! ಕಾವೇರಿ, ಬಂತು! ನೀನೂ ಬಾ!” ಎಂದು ಚೀರಿದಳು.

ಕಾವೇರಿ ಒತ್ತಿದಳು. ಒಂದೇ ಒಂದು ಸಲ.

ಆಮೇಲೆ ಕ್ಯಾಮೆರಾವನ್ನು ಮಾಮಾನಿಗೆ ಬಿಟ್ಟು ಗೋಡೆ ಹಾರಿದಳು. ಮೊದಲು ಅಂಬರೀನಳ ಹಿಂದೆ, ಆಮೇಲೆ ಪಕ್ಕಕ್ಕೆ ಓಡಿದಳು. ಇನ್ನೊಂದು ಪಕ್ಕಕ್ಕೆ ತ್ರಿವೇಣಿ ಇದ್ದಳು. ಇರಲಿ. ಮಿಡತೆ ಎಬ್ಬಿಸುವುದರಲ್ಲಿ ಅವಳು ನಿಜಕ್ಕೂ ಜೋರಾಗಿದ್ದಳು.

ಮೂರು ಹೊಡೆಯುವುದರೊಳಗೆ ಮಾಮಾ ನಲವತ್ತೆರಡು ಫೋಟೋ ತೆಗೆದ. ಮದುವೆ ಫೋಟೋ ತೆಗೆದು ಪಳಗಿದ ಕೈ. ಮೂವರೂ ಸಾಲಾಗಿ ನಿಂತು, ಕ್ಯಾಮೆರಾ ನೋಡಿ, ನಗುವವರೆಗೂ ಕಾಯುತ್ತಿದ್ದ. ಒಂದರಲ್ಲೂ ಹಕ್ಕಿ ಇರಲಿಲ್ಲ.

ಬೈಕು ಹೊರಡುವಾಗ ಅಂಬರೀನ್ ಕೈ ಬೀಸಲಿಲ್ಲ. “ಮುಂದಿನ ಐತವಾರ?” ಎಂದಳು.

“ಮಾಮಾಗ ಮದುವಿ ಅದ.”

“ಅದರ ಮುಂದಿನ?”

“ಅವತ್ತೂ ಅದ.”

ಇಬ್ಬರಿಗೂ ಮಾಮಾನ ಮೇಲೆ, ಕಲಬುರಗಿಯಲ್ಲಿ ಮದುವೆಯಾಗುವವರೆಲ್ಲರ ಮೇಲೆ ಸಿಟ್ಟು ಬಂತು. ಬೈಕು ತಿರುವು ದಾಟುವವರೆಗೆ ಕಾವೇರಿ ಹಿಂದಕ್ಕೇ ನೋಡುತ್ತಿದ್ದಳು.

ಸಂಜೆ ಝಹೀರ್ ಭಾಯ್ ಕ್ಯಾಮೆರಾದ ಪುಟ್ಟ ಪರದೆಗೆ ಬಗ್ಗಿದರು. “ವಾಹ್! ನೀಲಿ ನೋಡು. ಸಣ್ಣದ ಅದ, ಆದ್ರ ಏನ್ ಸಾಫ್ ಬಂದದ! ದೊಡ್ಡದು ಮಾಡು, ಬೇಟಾ.”

ಕಾವೇರಿ ಗುಂಡಿ ಒತ್ತಿ ದೊಡ್ಡದು ಮಾಡಿದಳು. ಬಾಣದ ಗುರುತನ್ನು ಎಡಕ್ಕೆ, ಇನ್ನೂ ಎಡಕ್ಕೆ, ತುಸು ಮೇಲಕ್ಕೆ ಒಯ್ದು, ಹೊಸ ಹಲ್ಲು ಕಂಡಲ್ಲಿ ನಿಲ್ಲಿಸಿದಳು.

“ಹಕ್ಕಿ ಆ ಕಡಿ ಉಳೀತಲ್ಲ?” ಎಂದರು ಝಹೀರ್ ಭಾಯ್.

“ಹೌದ್ರಿ,” ಎಂದಳು ಕಾವೇರಿ. ಬಾಣವನ್ನು ಸರಿಸಲಿಲ್ಲ.

“ಮತ್ತ ಟೂ-ಎಕ್ಸ್? ಬೇಕೋ ಬ್ಯಾಡೋ?”

“ಬ್ಯಾಡ್ರಿ.”

“ಯಾಕ? ಹತ್ರ ಕಾಣಲಿಲ್ಲ?”

“ಕಾಣ್ತದ್ರಿ. ಆದ್ರ ಅದರಾಗ ಅಂಬರೀನ್ ಅರ್ಧಾನ ಹಿಡಿಸ್ತಾಳ.”

ಝಹೀರ್ ಭಾಯ್ ಮಾಮಾನ ಮುಖ ನೋಡಿದರು. “ಅಂಬರೀನ್ ಅಂದ್ರ ಯಾವ ಹಕ್ಕಿ?”

ಮಾಮಾ ಜೇಬಿನಿಂದ ಕಪ್ಪು ರಿಂಗನ್ನು ತೆಗೆದು ಮೇಜಿನ ಮೇಲಿಟ್ಟ.

ಲೆನ್ಸ್ ತೆಗೆದುಕೊಂಡರು. ಕನ್ವರ್ಟರ್ ತೆಗೆದುಕೊಳ್ಳಲಿಲ್ಲ.