ಅಳಿಸಿದ ಹೆಸರಿನ ಲಗ್ನಪತ್ರಿಕೆ

ಮಾಘದ ಮದುವೆಗಳ ಭರಾಟೆ. ಚಾಮರಾಜಪೇಟೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ದೊರೆಸ್ವಾಮಿ ಛತ್ರಗಳ ಮುಂದಿನ ಬಂದೋಬಸ್ತಿಗೆ ಪೇದೆಗಳನ್ನು ಹಂಚುತ್ತಿದ್ದರು. ಫೆಬ್ರುವರಿ 9, ಬೆಳಿಗ್ಗೆ 10.20. ನಿವೃತ್ತ ಮೇಷ್ಟ್ರು ಬದರೀನಾರಾಯಣ ಬಂದು ಲಗ್ನಪತ್ರಿಕೆಯೊಂದನ್ನು ಮೇಜಿನ ಮೇಲಿಟ್ಟರು.

"ನಾನು ಕೊಡದ ಹೆಸರು ಅಚ್ಚಾಗಿದೆ ಸಾರ್. ಗಂಡಿನ ಕಡೆಯವ್ರು ಮದುವೆ ಬೇಡ ಅಂದ್ಬಿಟ್ರು."

ಕಿರಿ ಮಗಳ ಮದುವೆ. ಆಹ್ವಾನಿಸುವವರ ಸಾಲಿನಲ್ಲಿ 'ಮಧುರಾ ಮತ್ತು ಸುಮನ್' ಎಂದಿತ್ತು. ಮಧುರಾ ಹಿರಿ ಮಗಳು. ಆರು ವರ್ಷದ ಹಿಂದೆ ಬೇರೆ ಜಾತಿಯ ಸುಮನ್‌ನ ಕೈಹಿಡಿದು ಹೋದವಳು. ಬೀಗರ ಮುಂದೆ ಮೇಷ್ಟ್ರು ತಮಗೆ ಒಬ್ಬಳೇ ಮಗಳು ಎಂದಿದ್ದರು.

"ಹಂಚೋ ಮುಂಚೆ ನೋಡ್ಲಿಲ್ವಾ?"

"ಮೊದಲ ಕಟ್ಟು ಬೀಗರ ಮನೇಲೇ ಬಿಚ್ಚಬೇಕು ಅಂತ ನಮ್ಮ ಪದ್ಧತಿ. ಅಂಗಡಿಯಿಂದ ನೇರ ಕಳಿಸ್ಬಿಟ್ಟೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಮಾಲೀಕ ರಾಮಾನುಜ ಕೈ ಚೆಲ್ಲಿದರು. "ವೆಬ್‌ಸೈಟ್‌ನಲ್ಲಿ ಅವರೇ ತುಂಬಿದ್ದು ಸಾರ್. ನಮ್ಮದು ಬರೀ ಅಚ್ಚು."

ಹೆಡ್ ಕಾನ್‌ಸ್ಟೆಬಲ್ ಶಿವರಂಜಿನಿ ಮೊಬೈಲಿನಲ್ಲಿ ಆ ವೆಬ್‌ಸೈಟಿನ ಅರ್ಜಿ ತೆರೆದು, ತನ್ನ ಹೆಸರು ಬರೆದು ಅಳಿಸಿದಳು. ಸಲ್ಲಿಸುವ ಬಟನ್ ಒತ್ತಲಿಲ್ಲ. ಆದರೂ ಅಂಗಡಿಯ ಕಂಪ್ಯೂಟರಿನಲ್ಲಿ ಅವಳ ಹೆಸರು ಕೂತಿತ್ತು.

"ಪುಟದೊಳಗೆ ಒಂದು ಸ್ಕ್ರಿಪ್ಟ್ ಇದೆ ಸಾರ್. ಖಾನೇಲಿ ಬರೆಯೋ ಒಂದೊಂದು ಅಕ್ಷರಾನೂ ಆಗಲೇ ಓದಿ ಕಳಿಸುತ್ತೆ," ಎಂದಳು.

"ಅರ್ಧಕ್ಕೆ ಬಿಟ್ಟು ಹೋಗೋ ಗಿರಾಕಿಗೆ ಫೋನ್ ಮಾಡೋಕೆ ಇಟ್ಕೊಂಡಿದ್ದು," ಎಂದರು ರಾಮಾನುಜ.

"ನಮ್ಮೂರಲ್ಲಿ ಬಾಗಿಲಿಗೆ ಕಿವಿ ಇಡೋರೂ ಹಿಂಗೇ ಏನಾದ್ರೂ ನೆಪ ಹೇಳೋರು," ಎಂದರು ದೊರೆಸ್ವಾಮಿ.

ಮೇಷ್ಟ್ರ ಅರ್ಜಿಯ ದಾಖಲೆಯಲ್ಲಿ ಎಲ್ಲವೂ ಇತ್ತು. ಫೆಬ್ರುವರಿ 3: ಬೆಳಿಗ್ಗೆ 11.42ಕ್ಕೆ ಮಧುರಾ, ಸುಮನ್ ಹೆಸರು, 11.43ಕ್ಕೆ ಅಳಿಸಿದ್ದು. 11.51ಕ್ಕೆ ಮತ್ತೆ ಬರೆದದ್ದು, ಮತ್ತೆ ಅಳಿಸಿದ್ದು. 11.58ಕ್ಕೆ ಹೆಸರಿಲ್ಲದ ಅರ್ಜಿ ಸಲ್ಲಿಕೆ. ಸಂಜೆ 4.10ಕ್ಕೆ ಯಾರೋ ಆ ಅಳಿಸಿದ ಸಾಲನ್ನೆತ್ತಿ ಅಚ್ಚಿನ ಪ್ರತಿಗೆ ಸೇರಿಸಿದ್ದರು. ಪಂಚನಾಮೆ ಬರೆಸಿದ ದೊರೆಸ್ವಾಮಿ ಕೇಳಿದರು: "ಇದು ಯಾರ ಲಾಗಿನ್?"

"ವೆಬ್‌ಸೈಟ್ ನೋಡ್ಕೊಳ್ಳೋ ಹುಡುಗೀದು ಸಾರ್. ವೈಯಾಲಿಕಾವಲ್‌ನಲ್ಲಿ ಮನೆ. ಮಧುರಾ ಅಂತ..." ರಾಮಾನುಜರ ಕಣ್ಣು ಪತ್ರಿಕೆಯಲ್ಲಿದ್ದ ಅದೇ ಹೆಸರಿನ ಮೇಲೆ ಬಿತ್ತು.

ಠಾಣೆಗೆ ಕರೆಸಿದಾಗ ಮಧುರಾ ಏನನ್ನೂ ಮುಚ್ಚಿಡಲಿಲ್ಲ.

"ಅಪ್ಪ ಎರಡು ಸಲ ಬರೆದ್ರು ಸಾರ್, ಕಂಪ್ಯೂಟರಲ್ಲಿ ನೋಡ್ದೆ. ಧೈರ್ಯ ಸಾಲದೆ ಅಳಿಸಿದ್ರು. ಅಚ್ಚಾಗ್ಬಿಟ್ರೆ ಒಪ್ಕೋತಾರೆ ಅಂದ್ಕೊಂಡೆ."

"ನಿನ್ನ ತಂಗಿ ಗತಿ?"

"ಬೀಗರ ಹತ್ರ ನಾನು ಇಲ್ಲವೇ ಇಲ್ಲ ಅಂದಿದ್ದಾರೆ ಅಂತ ಗೊತ್ತಿರ್ಲಿಲ್ಲ." ಆಮೇಲೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಂಜೆ 4.40ಕ್ಕೆ ಠಾಣೆಯಲ್ಲಿ ಬಂಧನ. ಸುದ್ದಿ ತಿಳಿದ ಸುಮನ್ ಇನ್ನೂ ದಾರಿಯಲ್ಲಿದ್ದ. ಬಂಧನ ಪತ್ರಕ್ಕೆ ಮನೆಯವರೊಬ್ಬರ ಸಾಕ್ಷಿ ಸಹಿ ಬೇಕಿತ್ತು. ಹೇಳಿಕೆ ಕೊಡಲು ಬಂದಿದ್ದ ಮೇಷ್ಟ್ರ ಮುಂದೆ ಶಿವರಂಜಿನಿ ಕಾಗದ ಇಟ್ಟಳು.

ಸಂಬಂಧದ ಖಾನೆಯಲ್ಲಿ ಅವರು 'ತಂದೆ' ಎಂದು ಬರೆದರು. ಪೆನ್ನು ನಿಂತಿತು. ಅದರ ಮೇಲೆ ಗೀಟು ಹೊಡೆದು ಪಕ್ಕದಲ್ಲಿ 'ದೂರುದಾರ' ಎಂದು ಬರೆದರು.

ಬೆಂಚಿನ ಮೇಲಿದ್ದ ಮಧುರಾ ನೋಡುತ್ತಿದ್ದಳು.

ದೊರೆಸ್ವಾಮಿ ಕಾಗದವನ್ನು ಮೇಷ್ಟ್ರತ್ತ ಮೆಲ್ಲಗೆ ತಿರುಗಿಸಿದರು. "ಹೊಡೆದ ಪದದ ಪಕ್ಕಾನೂ ಒಂದು ರುಜು ಹಾಕ್ಬೇಕು ಮೇಷ್ಟ್ರೇ. ಕಾನೂನು."

ಅವರು ರುಜು ಹಾಕಿದರು. ಗೀಟಿನಡಿಯಲ್ಲಿ 'ತಂದೆ' ಇನ್ನೂ ಓದುವಂತಿತ್ತು.